ಹಂಪಿಗೆ ಹೊರಡುವ ಮುನ್ನ ಡ್ಯಾಮಿನ ಹೊರಹರಿವು ನೋಡಿ

ಹಂಪಿಗೆ ಹೊರಟವರು ರೂಮು ನೋಡುತ್ತಾರೆ, ರೈಲಿನ ಟಿಕೆಟ್ ನೋಡುತ್ತಾರೆ, ಬಿಸಿಲು ಎಷ್ಟಿದೆ ಎಂದು ಫೋನಿನಲ್ಲಿ ನೋಡುತ್ತಾರೆ. ತುಂಗಭದ್ರಾ ಜಲಾಶಯದಿಂದ ಆ ದಿನ ನದಿಗೆ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ ಎಂದು ನೋಡುವವರು ಕಡಿಮೆ. ಜುಲೈನಿಂದ ಅಕ್ಟೋಬರ್‌ವರೆಗೆ ಆ ಒಂದು ಅಂಕಿ ಗೊತ್ತಿದ್ದರೆ ಸಾಕು, ಎರಡು ದಿನದ ಪ್ರವಾಸದಲ್ಲಿ ಏನು ದಕ್ಕುತ್ತದೆ, ಏನು ತಪ್ಪುತ್ತದೆ ಎಂದು ಮನೆಯಲ್ಲಿ ಕೂತೇ ಹೇಳಬಹುದು. ದೋಣಿ ಇದೆಯೋ ಇಲ್ಲವೋ, ನದಿಯಂಚಿನ ಪುರಂದರ ಮಂಟಪದೊಳಗೆ ಕೂರಬಹುದೋ ದಡದಲ್ಲಿ ನಿಂತು ಅದರ ಚಾವಣಿ ಹುಡುಕಬೇಕೋ, ಆಚೆ ದಡದ ಆನೆಗೊಂದಿಗೆ ಹತ್ತು ನಿಮಿಷವೋ ಮುಕ್ಕಾಲು ಗಂಟೆಯೋ, ಎಲ್ಲ ಅದರ ಮೇಲೆ ನಿಂತಿದೆ.

‘ಹಾಳು ಹಂಪೆ’ ಎಂದು ಹೇಳಿ ಹೇಳಿ ನಮಗೆ ರೂಢಿಯಾಗಿಬಿಟ್ಟಿದೆ. ಹೋಗಿ ನೋಡಿದರೆ ಅದು ಕೆಲಸ ನಿಲ್ಲಿಸಿದ ಊರೇ ಅಲ್ಲ. ಮೇಲ್ಗಡೆ 33 ಗೇಟಿನ ಅಣೆಕಟ್ಟು, ಕೆಳಗೆ ವಿಜಯನಗರದ ಅರಸರು ತೋಡಿಸಿದ ಕಾಲುವೆ, ಅದರ ನೀರಿಗೆ ಬಾಳೆ ಮತ್ತು ಭತ್ತ, ಒಂದು ಗಂಟೆ ದೂರದಲ್ಲಿ ತೋರಣಗಲ್ಲಿನ ಉಕ್ಕಿನ ಕುಲುಮೆ. ಈ ಎಲ್ಲದರ ನಡುವೆ ವಿಶ್ವ ಪರಂಪರೆಯ ತಾಣ. ನೀರು ಮಾತ್ರ ಎಲ್ಲರಿಗೂ ಅದೇ ತುಂಗಭದ್ರೆಯದು. ಹಾಗಾಗಿ ಇಲ್ಲಿ ಗುಡಿಗಳ ಪಟ್ಟಿ ಕೊಡುವ ಬದಲು ನೀರಿನ ದಾರಿ ಹಿಡಿದು ಹಂಪಿ ಸುತ್ತುವುದು ಹೇಗೆ ಎಂದು ಬರೆಯುತ್ತೇನೆ.

ಅಂಕಿ ಓದುವ ಬಗೆ

ಜಲಾಶಯದ ಮಟ್ಟ ದಿನವೂ ಪತ್ರಿಕೆಯಲ್ಲಿ ಬರುತ್ತದೆ. ತುಂಗಭದ್ರಾ ಮಂಡಳಿಯೂ ದಿನದ ವಿವರ ಕೊಡುತ್ತದೆ. ಗರಿಷ್ಠ ಮಟ್ಟ 1,633 ಅಡಿ. ಒಂದೊಂದು ಕ್ರೆಸ್ಟ್ ಗೇಟು (ಅಣೆಕಟ್ಟಿನ ನೆತ್ತಿಯ ಗೇಟು) 60 ಅಡಿ ಅಗಲ, 20 ಅಡಿ ಎತ್ತರ. ಅಂದರೆ ಗೇಟಿನ ತಳ ಇರುವುದು 1,613 ಅಡಿಯಲ್ಲಿ. ನೀರು ಅದಕ್ಕಿಂತ ಕೆಳಗಿದ್ದರೆ ಗೇಟಿನಿಂದ ಹನಿ ನೀರೂ ನದಿಗೆ ಬೀಳದು.

ಮೊದಲ ತಪ್ಪು ಆಗುವುದು ‘ಹೊರಹರಿವು’ ಎಂಬ ಪದದಲ್ಲಿ. ಅದರಲ್ಲಿ ಎಡದಂಡೆ, ಬಲದಂಡೆ ಕಾಲುವೆಗಳಿಗೆ ಬಿಡುವ ನೀರೂ ಸೇರಿರುತ್ತದೆ. ಕಾಲುವೆಗೆ ಹೋದ ನೀರು ಹಂಪಿಯ ಸ್ನಾನಘಟ್ಟಕ್ಕೆ ಬರುವುದಿಲ್ಲ. ಒಟ್ಟು ಹೊರಹರಿವು ಹತ್ತು ಸಾವಿರ ಎಂದು ನೋಡಿ ಗಾಬರಿಯಾಗಬೇಕಿಲ್ಲ, ನದಿಯ ಪಾಲು ಬೇರೆ ಓದಿಕೊಳ್ಳಿ. ಎರಡನೇ ತಪ್ಪು ಆಕಾಶ ನೋಡಿ ನಿರ್ಧಾರ ಮಾಡುವುದು. ಹೊಸಪೇಟೆ ಬಯಲುಸೀಮೆ, ಮಳೆ ಕಡಿಮೆ. ನದಿ ತುಂಬುವುದು ಶಿವಮೊಗ್ಗ, ಚಿಕ್ಕಮಗಳೂರಿನ ಘಟ್ಟದ ಮಳೆಗೆ. ಹಂಪಿಯಲ್ಲಿ ನೆತ್ತಿ ಸುಡುವ ಬಿಸಿಲು, ಕೆಳಗೆ ಕೆನ್ನೀರಿನ ಪ್ರವಾಹ, ಎರಡೂ ಒಂದೇ ಮಧ್ಯಾಹ್ನ ಕಾಣಬಹುದು.

ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಲಕ್ಷ ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ದಿನಪೂರ್ತಿ ಹಾಗೇ ಹರಿದರೆ 8.64 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ನದಿಗೆ ಬಿಡುವ ನೀರು ಲಕ್ಷ ತಲುಪುವಷ್ಟರಲ್ಲಿ ಪುರಂದರ ಮಂಟಪ ಮುಳುಗಿರುತ್ತದೆ, ದೋಣಿ ನಿಂತಿರುತ್ತದೆ, ಆಚೆ ದಡದ ವಿರೂಪಾಪುರ ಗಡ್ಡೆ ನಿಜವಾದ ದ್ವೀಪವಾಗಿರುತ್ತದೆ. ಇನ್ನೂ ಏರಿದರೆ ಕೆಳಗಡೆಯ ಕಂಪ್ಲಿ–ಗಂಗಾವತಿ ಸೇತುವೆಯ ಮೇಲೂ ನೀರು ಬಂದು ಆ ದಾರಿ ಬಂದ್. 2019ರ ಆಗಸ್ಟ್‌ನಲ್ಲಿ ಗಡ್ಡೆಯಲ್ಲಿ ಸಿಕ್ಕಿಕೊಂಡ ಪ್ರವಾಸಿಗರನ್ನು ಹೆಲಿಕಾಪ್ಟರ್ ಕರೆಸಿ ಎತ್ತಬೇಕಾಯಿತು. ಡ್ಯಾಮಿನಿಂದ ಹಂಪಿಗೆ ನೀರು ಬರಲು ದಿನಗಳೇನೂ ಬೇಡ, ಕೆಲವೇ ಗಂಟೆ. ಬೆಳಗ್ಗೆ ದೋಣಿಯಲ್ಲಿ ದಾಟಿದವರಿಗೆ ಸಂಜೆ ದೋಣಿ ಸಿಗದಿರುವುದು ಹೀಗೆ.

ಜಲಾಶಯ ‘ಭರ್ತಿ’ ಆದಮೇಲೇ ಗೇಟು ಎತ್ತುತ್ತಾರೆ ಎಂಬ ಹಳೆಯ ಲೆಕ್ಕವನ್ನೂ ಈಗ ನಂಬುವಂತಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಆ ಒಂದು ಕಿಂಡಿಯಿಂದಲೇ ಸುಮಾರು 35 ಸಾವಿರ ಕ್ಯೂಸೆಕ್ ನುಗ್ಗಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿದ್ದರಿಂದ ನದಿಯಲ್ಲಿ ಲಕ್ಷದ ಆಸುಪಾಸು ಹರಿಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್‌ನ, ಅಂದರೆ ತಾತ್ಕಾಲಿಕ ಗೇಟಿನ, ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ವಾರದೊಳಗೆ ಕಿಂಡಿ ಮುಚ್ಚಿದರು. ಅಣೆಕಟ್ಟು 1953ರದ್ದು, ಗೇಟುಗಳಿಗೂ ಅಷ್ಟೇ ವಯಸ್ಸು. ಹಾಗಾಗಿ 33 ಗೇಟುಗಳನ್ನೂ ಬದಲಿಸುವ ಕೆಲಸ ಕೈಗೆತ್ತಿಕೊಂಡರು. ಅದಕ್ಕೂ ಮುಂಚೆ, 2025ರ ಮಳೆಗಾಲದಲ್ಲಿ, ಜಲಾಶಯವನ್ನು 80 ಟಿಎಂಸಿಗಿಂತ ಹೆಚ್ಚು ತುಂಬಿಸಲಿಲ್ಲ. (ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದದ್ದು, ಹೂಳು ತುಂಬಿ ಈಗ 105ರ ಸುಮಾರಿಗೆ ಇಳಿದಿದೆ.) ಜಲಾಶಯದಲ್ಲಿ ಜಾಗ ಇದ್ದರೂ ನೀರು ನದಿಗೆ ಹೋಗುವ ಇಂಥ ವರ್ಷಗಳಲ್ಲಿ ಮಟ್ಟ ನೋಡಿ ಪ್ರಯೋಜನವಿಲ್ಲ. ಒಳಹರಿವು ನೋಡಿ. ಅದು ದಿನದಿಂದ ದಿನಕ್ಕೆ ಏರುತ್ತಿದ್ದರೆ ಉತ್ತರ ದಡದ ರೂಮು ಬುಕ್ ಮಾಡುವ ಮುನ್ನ ಎರಡು ಸಲ ಯೋಚಿಸಿ.

ಎರಡು ದಡ, ಎರಡು ಜಿಲ್ಲೆ

ದಕ್ಷಿಣ ದಡದ ಹಂಪಿ, ಕಮಲಾಪುರ ಈಗ ವಿಜಯನಗರ ಜಿಲ್ಲೆ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾಯಿತು, ಹೊಸಪೇಟೆ ಕೇಂದ್ರ. ಉತ್ತರ ದಡದ ಆನೆಗೊಂದಿ, ಸಾಣಾಪುರ, ಅಂಜನಾದ್ರಿ ಎಲ್ಲ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕು. ಇದು ಇಂದಿನ ಗಡಿಯಲ್ಲ. ಹಿಂದೆ ಈಚೆ ದಡ ಮದ್ರಾಸಿನದು, ಆಚೆ ದಡ ಹೈದರಾಬಾದ್ ನಿಜಾಮರದು. ಅಣೆಕಟ್ಟನ್ನು 1945ರಲ್ಲಿ ಎರಡು ಸರ್ಕಾರಗಳು ಜೊತೆಯಾಗಿ ಶುರುಮಾಡಿದ್ದು ಅದಕ್ಕೇ. ಪ್ರವಾಸಿಗೆ ಇದರಿಂದ ಆಗುವ ತೊಡಕು ಚಿಕ್ಕದು, ಆದರೆ ದಿನ ಕೆಡಿಸುತ್ತದೆ: ನಿಷೇಧದ ಆದೇಶಗಳು ಎರಡು ಜಿಲ್ಲಾಡಳಿತಗಳಿಂದ ಬೇರೆ ಬೇರೆಯಾಗಿ ಹೊರಡುತ್ತವೆ. ಆಚೆ ದಡದಲ್ಲಿ ಹರಿಗೋಲು ನಿಲ್ಲಿಸಿದ್ದಾರೆಯೇ ಎಂದು ಈಚೆ ದಡದ ಹೋಟೆಲಿನವರನ್ನು ಕೇಳಿದರೆ ಗೊತ್ತಿರುವುದಿಲ್ಲ. ಎರಡೂ ಕಡೆ ಫೋನ್ ಮಾಡಿ ಕೇಳಿ.

ದಾಟಲು ಮೂರು ದಾರಿ. ವಿರೂಪಾಕ್ಷ ಗುಡಿಯ ಕೆಳಗಿನ ಘಟ್ಟದಿಂದ ವಿರೂಪಾಪುರ ಗಡ್ಡೆಗೆ ದೋಣಿ. ತಳವಾರಘಟ್ಟದಿಂದ ಆನೆಗೊಂದಿಗೆ ದೋಣಿ ಅಥವಾ ಹರಿಗೋಲು. ಇವೆರಡೂ ನೀರು ಒಪ್ಪಿದರೆ ಮಾತ್ರ, ಅದೂ ಹೊತ್ತು ಮುಳುಗುವವರೆಗೆ ಮಾತ್ರ. ಮೂರನೆಯದು ರಸ್ತೆ: ಕಮಲಾಪುರ, ಬುಕ್ಕಸಾಗರದ ಮೇಲೆ ಹೋಗಿ ಕಡೇಬಾಗಿಲು ಸೇತುವೆ ದಾಟಿದರೆ ಆನೆಗೊಂದಿ. ಹಂಪಿಯಿಂದ ಸುಮಾರು 20 ಕಿ.ಮೀ. ಈ ಸೇತುವೆ ಆಗುವ ಮೊದಲು ಹೊಸಪೇಟೆ, ಮುನಿರಾಬಾದ್ ಸುತ್ತಿಕೊಂಡು 40 ಕಿ.ಮೀ. ಹೋಗಬೇಕಿತ್ತು. ಕೆಲವು ಮ್ಯಾಪುಗಳು ಇಂದಿಗೂ ದೋಣಿ ದಾರಿಯನ್ನೇ ರಸ್ತೆಯೆಂದು ತಿಳಿದು ಕಾರನ್ನು ತಳವಾರಘಟ್ಟದ ನೀರಿನ ಅಂಚಿಗೆ ತಂದು ನಿಲ್ಲಿಸುತ್ತವೆ. ಕಾರಿನಲ್ಲಿ ಹೋಗುವವರು ‘ಕಡೇಬಾಗಿಲು’ ಎಂದೇ ಹಾಕಿಕೊಳ್ಳಿ. ಹಾಗೆಯೇ ಬರೀ ‘ಕಮಲಾಪುರ’ ಎಂದು ಹಾಕಬೇಡಿ, ಕಲಬುರಗಿಯ ಹತ್ತಿರ ಇನ್ನೊಂದು ಕಮಲಾಪುರ ಇದೆ, ಕೆಂಪು ಬಾಳೆಯದು.

ಹರಿಗೋಲಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಜನ ಬುಟ್ಟಿಯಂತೆ ದುಂಡಗಿರುವ ದೋಣಿಯಲ್ಲಿ ನದಿ ದಾಟುತ್ತಾರೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು ಎಂದು ಬರೆದಿಟ್ಟಿದ್ದಾನೆ. ಐನೂರು ವರ್ಷದಲ್ಲಿ ಆಕಾರ ಬದಲಾಗಿಲ್ಲ, ಬದಲಾದದ್ದು ಸಾಮಾನು ಮಾತ್ರ. ಈಗಿನದನ್ನು ಬೋರಲು ಹಾಕಿದಾಗ ಹತ್ತಿರದಿಂದ ನೋಡಿ: ಸೀಳಿದ ಬಿದಿರಿನ ಪಟ್ಟಿಗಳನ್ನು ಚಾಪೆಯಂತೆ ಅಡ್ಡಡ್ಡ ಹೆಣೆದು, ಅಂಚಿಗೆ ದಪ್ಪ ಬಿದಿರಿನ ಬಳೆ ಕಟ್ಟಿ, ಹೊರಮೈಗೆ ಪ್ಲಾಸ್ಟಿಕ್ ಚೀಲ ಹೊದಿಸಿ ಮೇಲೆ ಡಾಂಬರು ಬಳಿದಿರುತ್ತಾರೆ. ತಳ ಚಪ್ಪಟೆ, ಏಣು (ದೋಣಿಯ ತಳದ ಉದ್ದನೆಯ ದಿಂಡು) ಇಲ್ಲ. ಆದ್ದರಿಂದ ಮೊಣಕಾಲುದ್ದ ನೀರಿದ್ದರೂ ಸಾಗುತ್ತದೆ, ಬಂಡೆಗೆ ತಾಗಿದರೆ ಒಡೆಯದೆ ಬಾಗುತ್ತದೆ. ಏಣಿಲ್ಲದ್ದರಿಂದಲೇ ಹುಟ್ಟು ಹಾಕಿದ ಕಡೆಗೆಲ್ಲ ತಿರುಗುತ್ತದೆ. ಪಾಯೆಸ್ ಕೂಡ ಈ ಗಿರಗಿರ ತಿರುಗುವಿಕೆಯನ್ನು ಬಿಡದೆ ಬರೆದಿದ್ದಾನೆ.

ಅಪಾಯ ಇರುವುದೂ ಇಲ್ಲೇ. ಭಾರ ಒಂದು ಕಡೆ ಬಿದ್ದರೆ ದುಂಡು ದೋಣಿ ಒಮ್ಮೆಲೇ ಓಲುತ್ತದೆ. ಅಂಚಿಗೆ ಬೆನ್ನು ಕೊಟ್ಟು, ಎದುರುಬದುರು ಸಮನಾಗಿ, ತಳದಲ್ಲೇ ಕೂರಬೇಕು. ಸೆಲ್ಫಿಗೆಂದು ಎದ್ದು ನಿಲ್ಲುವುದು, ‘ಜೋರಾಗಿ ತಿರುಗಿಸಿ’ ಎಂದು ಕೇಳುವುದು ಬೇಡ. ಲೈಫ್ ಜಾಕೆಟ್ ಕೊಟ್ಟರೆ ಸಾಲದು, ಅದರ ಮೂರೂ ಬಕಲ್ ಹಾಕಿದ್ದೀರೋ ನೋಡಿಕೊಳ್ಳಿ. ಈಜು ಬರುತ್ತದೆ ಎನ್ನುವ ಧೈರ್ಯ ಈ ನದಿಯಲ್ಲಿ ಕೆಲಸಕ್ಕೆ ಬರದು. ಬಂಡೆಗಳ ಸಂದಿಯಲ್ಲಿ ನೀರು ಒಳಕ್ಕೆ ಎಳೆಯುತ್ತದೆ, ಚಕ್ರತೀರ್ಥದ ತಿರುವಿನಲ್ಲಿ ಸುಳಿ ಇದೆ, ಮೊಸಳೆಗಳೂ ಇವೆ. ಬಾಡಿಗೆಯನ್ನು ಹತ್ತುವ ಮೊದಲೇ ಮಾತಾಡಿ, ಒಬ್ಬರಿಗೆಷ್ಟೋ ದೋಣಿಗೆಷ್ಟೋ ಎಂದು ಬಿಡಿಸಿ ಕೇಳಿ.

ಬೀಳಿಸಿಕೊಂಡ ಸೇತುವೆ

ತಳವಾರಘಟ್ಟದಲ್ಲಿ ನಿಂತರೆ ಅರ್ಧಕ್ಕೆ ನಿಂತ ಸೇತುವೆಯ ಅವಶೇಷ ಕಾಣುತ್ತದೆ. ಹಲವರು ಅದನ್ನೂ ಹಳೆಯ ಕಾಲದ್ದೆಂದುಕೊಂಡು ಫೋಟೊ ಹೊಡೆದುಕೊಳ್ಳುತ್ತಾರೆ. ನಿಜವಾದ ಹಳೆಯ ಸೇತುವೆ ಇರುವುದು ಪುರಂದರ ಮಂಟಪದ ಹತ್ತಿರ, ನದಿಯಲ್ಲಿ ಸಾಲಾಗಿ ನಿಂತ ಕಲ್ಲುಕಂಬಗಳು. ಬೇಸಿಗೆಯಲ್ಲಿ ನೀರು ಇಳಿದಾಗ ಚೆನ್ನಾಗಿ ಕಾಣುತ್ತವೆ.

ತಳವಾರಘಟ್ಟದ್ದು ನಮ್ಮ ಕಾಲದ ಕಥೆ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆಮೇಲೆ ಎರಡು ಸೇತುವೆಗಳ ಕೆಲಸ ನಡೆಯಿತು: ಆನೆಗೊಂದಿಗೆ ವಾಹನಗಳ ಸೇತುವೆ, ವಿರೂಪಾಪುರ ಗಡ್ಡೆಗೆ ಕಾಲುಸೇತುವೆ. ಇವುಗಳಿಂದಾಗಿ 1999ರಲ್ಲಿ ಯುನೆಸ್ಕೊ ಹಂಪಿಯನ್ನು ‘ಅಪಾಯದಲ್ಲಿರುವ ತಾಣ’ಗಳ ಪಟ್ಟಿಗೆ ಹಾಕಿತು. ಸೇತುವೆ ಚೆಂದವಿಲ್ಲ ಎಂಬುದಷ್ಟೇ ತಕರಾರಲ್ಲ. ಆನೆಗೊಂದಿಯ ಸೇತುವೆ ತೆರೆದರೆ ಲಾರಿಗಳಿಗೆ ಅದು ಅಡ್ಡದಾರಿ. ಆ ರಸ್ತೆ ಹಾದುಹೋಗುವುದು ಹಳೆಯ ಹೆಬ್ಬಾಗಿಲು, ಮಂಟಪಗಳ ನಡುವೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿದ ಕಟ್ಟಡಕ್ಕೆ ದಿನವಿಡೀ ನಡುಕ ಕೊಟ್ಟರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಗಡ್ಡೆಯ ಕಾಲುಸೇತುವೆ ತೆಗೆದರು, ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಬಂತು, 2006ರಲ್ಲಿ ಅಪಾಯದ ಪಟ್ಟಿಯಿಂದ ಹೆಸರು ಹೊರಬಂತು. ಆನೆಗೊಂದಿ ಸೇತುವೆ ಮಾತ್ರ ಮುಗಿಯುವ ಹಂತದಲ್ಲಿ, 2009ರ ಜನವರಿ 22ರಂದು ಕುಸಿಯಿತು. ಕೆಲಸಗಾರರು ಪ್ರಾಣ ಕಳೆದುಕೊಂಡರು.

ಕಡೇಬಾಗಿಲಿನ ಸೇತುವೆ ಆ ಮೂಲ ಜಾಗದಿಂದ ಕೆಲವು ಕಿ.ಮೀ. ಕೆಳಗೆ ಸರಿದ ಸೇತುವೆ, ಅಷ್ಟೆ. ಆಚೆ ದಡದ ರೈತರಿಗೆ ರಸ್ತೆ ಸಿಕ್ಕಿತು, ಲಾರಿ ಹಂಪಿಯ ಮಧ್ಯೆ ಬರಲಿಲ್ಲ. ಮೊದಲೇ ಅಲ್ಲಿ ಕಟ್ಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಇದೇ ಸಂರಕ್ಷಣೆಯ ಹೆಸರಲ್ಲಿ 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರನ್ನು ರಾತ್ರೋರಾತ್ರಿ ಎನ್ನುವಂತೆ ಎಬ್ಬಿಸಿದ್ದನ್ನು ಒಪ್ಪುವುದು ಕಷ್ಟ. ಕಡ್ಡಿರಾಂಪುರದಲ್ಲಿ ಅವರಿಗೆ ಜಾಗ ತೋರಿಸಿದರು, ಆದರೆ ವ್ಯಾಪಾರ ಇದ್ದದ್ದು ರಥಬೀದಿಯಲ್ಲಿ. ಇಂದು ಬಜಾರು ಚೊಕ್ಕಟವಾಗಿದೆ, ಒಂದು ಚಹಾ ಬೇಕೆಂದರೆ ಜನತಾ ಪ್ಲಾಟಿನ ಗಲ್ಲಿಗೆ ಹೋಗಬೇಕು.

ಕಾಲುವೆ ಕಂಡರೆ ನಿಲ್ಲಿ

ಹಂಪಿಯ ಅತಿ ಹಳೆಯ, ಈಗಲೂ ಕೆಲಸ ಮಾಡುತ್ತಿರುವ ವಸ್ತು ಯಾವುದು ಎಂದರೆ ಹೆಚ್ಚಿನವರು ವಿರೂಪಾಕ್ಷ ಗುಡಿ ಎನ್ನುತ್ತಾರೆ. ಸರಿಯೇ. ಆದರೆ ಅದರ ಜೊತೆಗೆ ತುರ್ತು ಕಾಲುವೆಯ ಹೆಸರೂ ಸೇರಬೇಕು. ನದಿಗೆ ಅಡ್ಡ ಹಾಕಿದ ಕಲ್ಲಿನ ಒಡ್ಡಿನಿಂದ ನೀರು ತಿರುಗಿಸಿಕೊಂಡು, ಗುಡಿಗಳ ಭಾಗಕ್ಕೂ ಅರಮನೆಯ ಭಾಗಕ್ಕೂ ನಡುವಿನ ತಗ್ಗಿನಲ್ಲಿ ಹರಿಯುತ್ತದೆ. ಕಮಲಾಪುರ–ಹಂಪಿ ರಸ್ತೆಯ ಪಕ್ಕದ ಬಾಳೆತೋಟ, ಗದ್ದೆಗಳೆಲ್ಲ ಇದರ ಮಕ್ಕಳು. ಬಸವಣ್ಣ ಕಾಲುವೆ, ರಾಯ ಕಾಲುವೆಗಳೂ ವಿಜಯನಗರದವೇ. ಅವುಗಳ ಮೂಲ ಒಡ್ಡು ಈಗಿನ ಜಲಾಶಯದ ಹಿನ್ನೀರಿನಲ್ಲಿ ಮುಳುಗಿದ್ದರಿಂದ ನೇರವಾಗಿ ಡ್ಯಾಮಿನಿಂದಲೇ ನೀರು ಪಡೆಯುತ್ತವೆ. ಕಮಲಾಪುರದ ಕೆರೆ ತುಂಬುವುದು ರಾಯ ಕಾಲುವೆಯಿಂದ. ಇತ್ತೀಚೆಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ (ಎಡಿಬಿ) ಸಾಲದಲ್ಲಿ ಈ ಕಾಲುವೆಗಳ ಆಧುನೀಕರಣವೂ ನಡೆಯಿತು.

ಪ್ರವಾಸಿಗೆ ಇದು ಯಾಕೆ ಬೇಕು? ಎರಡು ಉದಾಹರಣೆ. ಉಗ್ರನರಸಿಂಹನ ಪಕ್ಕದ ಬಡವಿಲಿಂಗ ಸುಮಾರು 3 ಮೀಟರ್ ಎತ್ತರದ ಏಕಶಿಲೆ, ಅದರ ಪೀಠ ಸದಾ ನೀರಿನಲ್ಲಿ. ಮಳೆ ನೀರು ನಿಂತಿದೆ ಎಂದು ಹಲವರು ತಿಳಿಯುತ್ತಾರೆ. ಅಲ್ಲ, ಕಾಲುವೆಯ ಕವಲೊಂದು ಗರ್ಭಗುಡಿಯ ಮೂಲಕ ಹಾದುಹೋಗುತ್ತದೆ. ಅರಮನೆ ಪ್ರದೇಶದ ಬಳಿಯ ಪ್ರಸನ್ನ ವಿರೂಪಾಕ್ಷ, ಅಂದರೆ ನೆಲದಡಿಯ ಶಿವಾಲಯ, ಸುತ್ತಲ ನೆಲಕ್ಕಿಂತ ತಗ್ಗಿನಲ್ಲಿದೆ. ಮಳೆಗಾಲದಲ್ಲಿ ಮತ್ತು ಗದ್ದೆಗಳಿಗೆ ನೀರು ಬಿಟ್ಟಾಗ ಒಳಗೆ ಪಾದ ಮುಳುಗುವಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ನೀರು ನಿಲ್ಲುತ್ತದೆ. ಪಾಚಿ ಕಟ್ಟಿದ ಕಲ್ಲು ಜಾರುತ್ತದೆ, ಬಾವಲಿಗಳೂ ಇವೆ. ಒಳಗೆ ಹೋಗಲೇಬೇಕೆಂದರೆ ಪ್ಯಾಂಟು ಮಡಚಿ, ಕಂಬ ಹಿಡಿದು, ಟಾರ್ಚ್ ಹಾಕಿಕೊಂಡು ಹೋಗಿ.

ಮಹಾನವಮಿ ದಿಬ್ಬದ ಪಕ್ಕದ ಮೆಟ್ಟಿಲು ಪುಷ್ಕರಣಿ ಎಲ್ಲರ ಫೋಟೊದಲ್ಲೂ ಇದೆ. 1980ರ ದಶಕದಲ್ಲಿ ಉತ್ಖನನ ಮಾಡುವವರೆಗೆ ಅದು ಮಣ್ಣಿನಡಿ ಇತ್ತು. ಮೇಲಿನಿಂದ ಫೋಟೊ ತೆಗೆದು ಹೊರಟುಬಿಡಬೇಡಿ. ಕಟ್ಟೆಯ ಹತ್ತಿರ ಬಂದು ಕರಿಕಲ್ಲಿನ ಅಂಚುಗಳನ್ನು ನೋಡಿ, ಒಂದೊಂದರ ಮೇಲೂ ಸಣ್ಣ ಗುರುತು, ಅಂಕಿ, ಅಕ್ಷರ ಕೊರೆದಿದೆ. ಯಾವ ಕಲ್ಲು ಯಾವ ದಿಕ್ಕಿನ ಯಾವ ಸಾಲಿನಲ್ಲಿ ಕೂರಬೇಕು ಎನ್ನುವ ಲೆಕ್ಕ ಅದು. ಕಲ್ಲುಗಳನ್ನು ಬೇರೆಡೆ ಕಡೆದು, ಗುರುತು ಹಾಕಿ ತಂದು ಇಲ್ಲಿ ಜೋಡಿಸಿದ್ದಾರೆ. ಅಲ್ಲೇ ಪಕ್ಕದಲ್ಲಿ, ಕಂಬಗಳ ಮೇಲೆ ಕೂರಿಸಿದ ಕಲ್ಲಿನ ದೋಣಿಗಾಲುವೆ ಪುಷ್ಕರಣಿಯ ಕಡೆಗೆ ಬರುತ್ತದೆ. ಅದರ ಜೊತೆಗೆ ಹಿಂದಕ್ಕೆ ನಡೆಯುತ್ತ ಹೋದರೆ ಇಳಿಜಾರನ್ನು ಎಷ್ಟು ಸಣ್ಣ ಅಳತೆಯಲ್ಲಿ ಕಾಪಾಡಿದ್ದಾರೆ ಎಂದು ಕಣ್ಣಿಗೇ ಕಾಣುತ್ತದೆ. ಮಾರ್ಗದರ್ಶಿಗಳು ರಾಣಿಯರ ಕಥೆಗೆ ಅರ್ಧ ಗಂಟೆ ಕೊಟ್ಟು ಇದಕ್ಕೆ ಅರ್ಧ ನಿಮಿಷ ಕೊಡುತ್ತಾರೆ. ನೀವೇ ಕೇಳಿ ನಿಲ್ಲಿಸಿಕೊಳ್ಳಬೇಕು.

ದಿನ ಹಂಚುವುದು

ಹಂಪಿಯ ಮುಖ್ಯ ಸಂರಕ್ಷಿತ ಪ್ರದೇಶವೇ 41.8 ಚದರ ಕಿ.ಮೀ. ಒಂದೇ ದಿನದಲ್ಲಿ ಮುಗಿಸುತ್ತೇನೆ ಎನ್ನುವವರು ಮುಗಿಸುವುದು ಆಟೊ ಸವಾರಿಯನ್ನು. ಎರಡು ದಿನ ಇಟ್ಟುಕೊಳ್ಳಿ: ಒಂದು ದಕ್ಷಿಣ ದಡಕ್ಕೆ, ಇನ್ನೊಂದರ ಬೆಳಗ್ಗೆ ಉತ್ತರಕ್ಕೆ. ನದಿ ಉಕ್ಕಿದ್ದರೆ ಎರಡನ್ನೂ ದಕ್ಷಿಣಕ್ಕೇ ಕೊಡಿ, ನಷ್ಟವೇನಿಲ್ಲ.

ವಿಜಯ ವಿಠ್ಠಲ ಗುಡಿಗೆ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ವಾಹನಗಳು ಗೆಜ್ಜಲ ಮಂಟಪದ ಬಳಿಯೇ ನಿಲ್ಲಬೇಕು. ಅಲ್ಲಿಂದ ಸುಮಾರು 1 ಕಿ.ಮೀ. ಬ್ಯಾಟರಿ ಗಾಡಿ ಅಥವಾ ನಡಿಗೆ. ರಜಾದಿನ ಹತ್ತು ಗಂಟೆಯ ನಂತರ ಈ ಗಾಡಿಯ ಸಾಲಿನಲ್ಲಿ ಕಳೆಯುವ ಸಮಯದಲ್ಲಿ ನಡೆದು ಹೋಗಿ ಬರಬಹುದು, ಕಾಲಿನಲ್ಲಿ ಶಕ್ತಿ ಇದ್ದವರು ನಡೆಯಿರಿ. ಇನ್ನೂ ಒಳ್ಳೆಯ ದಾರಿ ನದಿ ಪಕ್ಕದ್ದು: ವಿರೂಪಾಕ್ಷ ಬಜಾರಿನ ಪೂರ್ವ ತುದಿಯ ‘ಎದುರು ಬಸವಣ್ಣ’ನಿಂದ ಕೋದಂಡರಾಮ ಗುಡಿ, ಸುಗ್ರೀವ ಗುಹೆ, ತುಲಾಭಾರದ ಕಲ್ಲುಕಮಾನು ದಾಟಿ ವಿಠ್ಠಲಕ್ಕೆ, ಸುಮಾರು 2 ಕಿ.ಮೀ. ಪ್ರವಾಹದಲ್ಲಿ ಕೋದಂಡರಾಮನ ಹತ್ತಿರದ ತಗ್ಗು ಮೊದಲು ಮುಳುಗುತ್ತದೆ. ಆಗ ಗುಡ್ಡ ಏರಿ ಅಚ್ಯುತರಾಯ ಗುಡಿಯ ಮೇಲೆ ಹೋಗಬೇಕು.

ವಿಠ್ಠಲ ಗುಡಿಗೆ ಕೊಳ್ಳುವ ಟಿಕೆಟ್, ಭಾರತೀಯರಿಗೆ 40 ರೂಪಾಯಿ, ಅದೇ ದಿನ ಕಮಲ ಮಹಲಿನ ಆವರಣಕ್ಕೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ನಡೆಯುತ್ತದೆ. ಚೀಟಿ ಎಸೆದು ಮತ್ತೆ ದುಡ್ಡು ಕೊಡುವವರು ಬೇಕಾದಷ್ಟು ಜನ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಕಲ್ಲು ಕೆಂಡವಾಗುವ ಮಧ್ಯಾಹ್ನವನ್ನು ವಸ್ತುಸಂಗ್ರಹಾಲಯಕ್ಕೆ ಇಡಿ. ಅಲ್ಲಿ ಇಡೀ ಕಣಿವೆಯ ಮಾದರಿ ಇದೆ, ನದಿ ಎಲ್ಲಿ ತಿರುಗುತ್ತದೆ, ಗೋಡೆ ಎಲ್ಲಿದೆ ಎಂದು ಅದರಲ್ಲಿ ನೋಡಿಕೊಂಡರೆ ಮುಂದಿನ ಅಲೆದಾಟ ಅರ್ಥವಾಗುತ್ತದೆ. ಶುಕ್ರವಾರ ರಜೆ. ಸಂಜೆಗೆ ಎಲ್ಲರೂ ಮಾತಂಗ ಬೆಟ್ಟ ಎನ್ನುತ್ತಾರೆ, ನನ್ನ ಮತ ಹೇಮಕೂಟಕ್ಕೆ. ಮಾತಂಗ ಹತ್ತಲು ಅರ್ಧ ಗಂಟೆ ಮೀರುತ್ತದೆ, ಸೂರ್ಯ ಮುಳುಗಿದ ಮೇಲೆ ಇಳಿಯುವ ದಾರಿ ಕತ್ತಲು, ಮೆಟ್ಟಿಲು ಮುರಿದಿವೆ. ಅದನ್ನು ಸೂರ್ಯೋದಯಕ್ಕೆ ಇಟ್ಟುಕೊಂಡರೆ ಕತ್ತಲಲ್ಲಿ ಹತ್ತಿ ಬೆಳಕಿನಲ್ಲಿ ಇಳಿಯಬಹುದು.

ಕಲ್ಲಿನ ರಥ ಮುಟ್ಟಲು, ಸಂಗೀತದ ಕಂಬ ತಟ್ಟಲು ಬಿಡುವುದಿಲ್ಲ. ಗಾರ್ಡಿನ ಜೊತೆ ಜಗಳ ಬೇಡ. ತಟ್ಟಿ ತಟ್ಟಿಯೇ ಆ ಕಂಬಗಳು ಸವೆದದ್ದು. 2019ರಲ್ಲಿ ಗಜಶಾಲೆಯ ಹಿಂದಿನ ವಿಷ್ಣು ಗುಡಿಯ ಬಳಿ ಕಂಬ ಬೀಳಿಸಿ ವಿಡಿಯೊ ಮಾಡಿಕೊಂಡ ಯುವಕರಿಗೆ ನ್ಯಾಯಾಲಯ ತಲಾ 70 ಸಾವಿರ ರೂಪಾಯಿ ದಂಡ ಹಾಕಿತು, ಬೀಳಿಸಿದ ಕಂಬವನ್ನು ಅವರ ಕೈಯಲ್ಲೇ ನಿಲ್ಲಿಸಿಸಿತು. 2024ರ ಮೇ ತಿಂಗಳ ಮಳೆಗೆ ಬಜಾರಿನ ಸಾಲುಮಂಟಪದ ಒಂದು ಭಾಗ ತಾನಾಗಿಯೇ ಕುಸಿಯಿತು. ಜಂತಿಕಲ್ಲು ಬಾಗಿದ, ಊರುಗಂಬ ಕೊಟ್ಟ ಮಂಟಪದೊಳಗೆ ಮಳೆಗೆಂದು ನಿಲ್ಲಬೇಡಿ.

ಉತ್ತರ ದಡಕ್ಕೆ ಹೋದರೆ ಅಂಜನಾದ್ರಿಯ 575 ಮೆಟ್ಟಿಲನ್ನು ಬಿಸಿಲೇರುವ ಮೊದಲು ಮುಗಿಸಿ. ಶನಿವಾರ ಮತ್ತು ಡಿಸೆಂಬರಿನ ಹನುಮಮಾಲೆ ದಿನಗಳಲ್ಲಿ ಕೆಳಗಿನ ರಸ್ತೆಯೇ ಜಾಮ್ ಆಗುತ್ತದೆ.

ಉಳಿಯುವುದು, ತಲುಪುವುದು

ಆನ್‌ಲೈನ್‌ನಲ್ಲಿ ಚೆಂದ ಕಂಡ ರೂಮು, ಹೋಗುವಷ್ಟರಲ್ಲಿ ಬೀಗ ಹಾಕಿರುವುದು ಇಲ್ಲಿ ಹೊಸತಲ್ಲ. ಕಾರಣ ಪ್ರಾಧಿಕಾರದ ವಲಯದ ನಿಯಮ: ಯಾವ ಹಳ್ಳಿಯ ಯಾವ ಸರ್ವೆ ನಂಬರಿನಲ್ಲಿ ವಾಣಿಜ್ಯ ಕಟ್ಟಡ ಇರಬಹುದು ಎಂಬುದಕ್ಕೆ ಮಿತಿ ಇದೆ. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರ ಮಾರ್ಚ್‌ನಲ್ಲಿ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು ಜೆಸಿಬಿ ಹಚ್ಚಿ ಕೆಡವಿದರು. ಆ ವ್ಯಾಪಾರ ಸಾಣಾಪುರ, ಆನೆಗೊಂದಿ ಕಡೆ ಸರಿಯಿತು, ಅಲ್ಲೂ ಆಗಾಗ ನೋಟಿಸು ಬರುತ್ತಿದೆ. ಬುಕ್ ಮಾಡುವಾಗ ಒಂದೇ ಪ್ರಶ್ನೆ ಕೇಳಿ: ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಮ್‌ಸ್ಟೇ ನೋಂದಣಿ ಆಗಿದೆಯೇ, ನಂಬರ್ ಕೊಡಿ. ತಡವರಿಸಿದರೆ ಮುಂಗಡ ಕೊಡಬೇಡಿ. ಮಕ್ಕಳು, ಹಿರಿಯರು ಜೊತೆಗಿದ್ದರೆ ಕಮಲಾಪುರ ಅಥವಾ ಹೊಸಪೇಟೆಯೇ ಸುಖ. ಹಂಪಿ ಊರೊಳಗೆ ಮಾಂಸ, ಮದ್ಯ ಇಲ್ಲ.

ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಬೆಳಗ್ಗೆ ಹೊಸಪೇಟೆ, ಅಲ್ಲಿಂದ ಹಂಪಿ 13 ಕಿ.ಮೀ., ಊರ ಬಸ್ ನಿಲ್ದಾಣದಿಂದ ಬಸ್ಸುಗಳಿವೆ. ರಸ್ತೆಯಲ್ಲಾದರೆ ಚಿತ್ರದುರ್ಗದವರೆಗೆ ಹೆದ್ದಾರಿ 48, ಅಲ್ಲಿಂದ 50, ಒಟ್ಟು ಸುಮಾರು 350 ಕಿ.ಮೀ. ಬಳ್ಳಾರಿ, ಸಂಡೂರು ಕಡೆಯಿಂದ ಬರುವವರು ಕತ್ತಲಲ್ಲಿ ಬೈಕ್ ಓಡಿಸಬೇಡಿ. ಅದಿರು ಲಾರಿಗಳ ಸಾಲು, ಅವುಗಳ ಕೆಂಪು ದೂಳು ಹೆಡ್‌ಲೈಟಿನ ಮುಂದೆ ಗೋಡೆಯಂತೆ ನಿಲ್ಲುತ್ತದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ವಿಮಾನ ನಿಲ್ದಾಣ ಹಂಪಿಗೆ ಸುಮಾರು 40 ಕಿ.ಮೀ. ಉಕ್ಕು ಇಲ್ಲದಿದ್ದರೆ ಹಂಪಿಗೆ ಇಷ್ಟು ಹತ್ತಿರ ವಿಮಾನ ಬರುತ್ತಿರಲಿಲ್ಲ, ಅದೂ ನಿಜವೇ. ವೇಳಾಪಟ್ಟಿ ಮಾತ್ರ ಆಗಾಗ ಬದಲಾಗುತ್ತದೆ, ಅದನ್ನೇ ನಂಬಿ ವಾಪಸ್ ಪ್ರಯಾಣದ ಲೆಕ್ಕ ಹಾಕಬೇಡಿ.

ಇಷ್ಟಾಗಿ, ನೀವು ಹೋದ ವಾರವೇ ಗೇಟು ಎತ್ತಿ, ದೋಣಿ ನಿಂತು, ಪುರಂದರ ಮಂಟಪ ಮುಳುಗಿದ್ದರೆ ಉಳಿದ ಅರ್ಧ ದಿನವನ್ನು ಡ್ಯಾಮಿಗೇ ಕೊಡಿ. ಹೊಸಪೇಟೆಯಿಂದ ಸುಮಾರು 6 ಕಿ.ಮೀ. ಸಿಮೆಂಟಲ್ಲ, ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ ಕಟ್ಟಿದ ಕಲ್ಲಿನ ಅಣೆಕಟ್ಟು ಅದು. ಗೇಟು ತೆರೆದ ಸುದ್ದಿ ಹರಡಿದ ಭಾನುವಾರ ಜನ ಮುಗಿಬೀಳುತ್ತಾರೆ, ವಾರದ ದಿನ ಸಂಜೆ ನಾಲ್ಕರ ಸುಮಾರಿಗೆ ಹೋದರೆ ಒಳ್ಳೆಯದು. ಗಾಳಿ ಈ ಕಡೆ ಬೀಸಿದರೆ ತುಂತುರು ರಸ್ತೆಯವರೆಗೂ ಬರುತ್ತದೆ. ಕ್ಯಾಮೆರಾ ಒರೆಸಲು ಒಣ ಬಟ್ಟೆ ಇಟ್ಟುಕೊಳ್ಳಿ.